ತಟ್ಟೆ ಬಂದ ಬೇಸಿಗೆ

ಮುನಿಲಕ್ಷ್ಮಮ್ಮನಿಗೆ ಅನುಮಾನ ಎನ್ನುವುದು ಊಟ ನಿದ್ದೆಯಷ್ಟೇ ಸಹಜ. ಗ್ಯಾಸ್ ಸಿಲಿಂಡರ್ ತಂದವನು ಗಾಡಿ ಹತ್ತುವ ಮೊದಲೇ ಅದನ್ನು ಅಲ್ಲಾಡಿಸಿ ನೋಡಬೇಕು. ಹೊಸಕೋಟೆ ಕಡೆಯಿಂದ ಸೊಸೆ ತರುವಾಗ ಹುಡುಗಿಯ ಮನೆಯವರ ಬಗ್ಗೆ ಮೂರು ಕಡೆ ವಿಚಾರಿಸಿದಳು. ಮೂವರೂ ಒಳ್ಳೆಯ ಮಾತೇ ಆಡಿದ್ದರಿಂದ, ಇವರಿಗೆಲ್ಲ ಯಾರೋ ಮೊದಲೇ ಹೇಳಿಕೊಟ್ಟಿದ್ದಾರೆ ಎಂದು ನಾಲ್ಕನೆಯವರನ್ನು ಹುಡುಕಿಕೊಂಡು ಹೋದಳು. ಆ ಸೊಸೆ ರಮ್ಯ ಬಂದು ಆರು ವರ್ಷವಾಯಿತು, ಚಿನ್ನದಂಥ ಹುಡುಗಿ. ಮುನಿಲಕ್ಷ್ಮಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಅಷ್ಟೆ.

ಊರಿನವರು ನಗುತ್ತಿದ್ದರು. ನಗುವವರಿಗೇನು! ತೂಬಗೆರೆ ದಾಟಿ ಎರಡು ಮೈಲಿಯಾಚೆ ಇರುವ ಆ ಊರಲ್ಲಿ ರೇಷ್ಮೆ ಸಾಕುವ ಮನೆ ಹದಿನಾಲ್ಕು. ಅದರಲ್ಲಿ ಮೂವತ್ತೆಂಟು ವರ್ಷ ಒಂದು ಬೆಳೆಯನ್ನೂ ಕಳೆದುಕೊಳ್ಳದವಳು ಈಕೆ ಒಬ್ಬಳೇ. ಅದಕ್ಕೆ ಕಾರಣ ಇದೇ ಅನುಮಾನ. ಹುಳದ ಮನೆಯ ಬಾಗಿಲಿಗೆ ಬಂದವರ ಕೈ ಹಿಡಿದು ಮೂಸುತ್ತಾಳೆ. ಹೊಗೆಸೊಪ್ಪಿನ ವಾಸನೆ ಬಂದರೆ, ಘಮಘಮ ಎಣ್ಣೆ ಹಚ್ಚಿಕೊಂಡಿದ್ದರೆ, ಸ್ವಂತ ತಮ್ಮನಾದರೂ ಜಗಲಿಯಿಂದಲೇ ವಾಪಸ್. ಹಿಪ್ಪುನೇರಳೆ ಸೊಪ್ಪು ಸ್ವಲ್ಪ ಮಂಕಾಗಿ ಕಂಡರೆ ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆದಿರಬೇಕೆಂದು ಬೇಲಿಯುದ್ದಕ್ಕೂ ನಡೆದು ನೋಡಿ ಬರುತ್ತಾಳೆ. ಹುಳ ಸೂಕ್ಷ್ಮ ಜೀವಿ, ಅದನ್ನು ಸಾಕುವವರು ಯಾರನ್ನೂ ನಂಬಬಾರದು ಎಂಬುದು ಆಕೆಯ ವಾದ. ಹುಳದ ಮಟ್ಟಿಗೆ ಅದು ಸರಿಯೇ ಇರಬಹುದು.

ಗಂಡ ತೀರಿಕೊಂಡು ಒಂಬತ್ತು ವರ್ಷ. ಮಗ ವೇಣುಗೋಪಾಲ್‌ಗೆ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಸರಕು ಇಳಿಸಿ ಹತ್ತಿಸುವ ವಿಭಾಗದಲ್ಲಿ ಪಾಳಿ ಕೆಲಸ. ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟವನ್ನು ಲೇಔಟಿನವರಿಗೆ ಕೊಟ್ಟುಬಿಡೋಣ ಎಂದು ಅವನು ಎರಡು ವರ್ಷದಿಂದ ಹೇಳುತ್ತಲೇ ಇದ್ದ. ಆ ಬೇಸಿಗೆಯ ಶುರುವಿನಲ್ಲಿ ಅಮ್ಮ ಮಗನಿಗೆ ಜೋರು ಜಗಳವಾಗಿ, ಸಿಟ್ಟಿನ ಭರದಲ್ಲಿ ಆಕೆ ಒಂದು ಮಾತು ಆಡಿಬಿಟ್ಟಳು.

"ಒಂದೇ ಒಂದು ಬೆಳೆ ಕೈ ಕೊಡ್ಲಿ, ಅವತ್ತೇ ಸೈನ್ ಹಾಕ್ಕೊಡ್ತೀನಿ. ಅಲ್ಲಿವರ್ಗೂ ತೋಟದ ಮಾತು ಎತ್ಬೇಡ."

"ಮಾತು ಮಾತೇ ತಾನೆ ಅಮ್ಮ?" ಅಂದ ವೇಣು.

"ಮಾತೇ."

ಆಡಿದ್ದು ಬೀದಿ ಬಾಗಿಲಲ್ಲಿ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅಂಗಡಿ ಸಿದ್ದರಾಜುವಿಗೂ ಗೊತ್ತಾಯಿತು. ಅವನಿಗೆ ಕಟ್ಟೆಯ ಹತ್ತಿರ ದಿನಸಿ ಅಂಗಡಿ, ಜೊತೆಗೆ ಲೇಔಟಿನವರಿಗೆ ಜಮೀನು ಕೊಡಿಸುವ ಕೆಲಸ.

ಇದಾಗಿ ಹತ್ತು ದಿನಕ್ಕೆ ಕೆರೆಯ ಮೇಲೆ ಬೆಳಕು ಕಾಣಿಸಿತು.

ಹೊತ್ತು ಮುಳುಗಿ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಒಂದು ಕೆಂಪು, ಒಂದು ಹಸಿರು, ನಡುವೆ ಬಿಳಿ. ಸದ್ದಿಲ್ಲದೆ ಬಂದು ಕೆರೆಯ ಮಧ್ಯೆ ನಿಂತಿತಂತೆ, ನಿಂತಲ್ಲೇ ಒಂದು ಸುತ್ತು ತಿರುಗಿತಂತೆ, ಆಮೇಲೆ ಗುಡ್ಡದ ಕಡೆ ಹೋಯಿತಂತೆ. ಸಿದ್ದರಾಜು ತನ್ನ ಫೋನಿನಲ್ಲಿ ತೆಗೆದ ವಿಡಿಯೊ ಮಾರನೆಯ ಬೆಳಿಗ್ಗೆಗೆ ದೊಡ್ಡಬಳ್ಳಾಪುರದ ಎಲ್ಲ ಫೋನುಗಳಲ್ಲಿತ್ತು. ಮೂರನೇ ದಿನ ಟೀವಿಯವರು ಬಂದರು. ಚುಕ್ಕೆಯಷ್ಟಿದ್ದ ಬೆಳಕಿಗೆ ಕೆಂಪು ಗೆರೆಯಲ್ಲಿ ಸುತ್ತು ಹಾಕಿ, ಎದೆ ನಡುಗಿಸುವ ಸಂಗೀತ ಸೇರಿಸಿ, ಇದು ಹಾರುವ ತಟ್ಟೆಯೇ, ಬಂದವರು ಯಾವ ಲೋಕದವರು ಎಂದು ಅರ್ಧ ಗಂಟೆ ಕೇಳಿದರು. ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ಅಲ್ಲಿಂದ ಊರಿನಲ್ಲಿ ಬೇರೆ ಮಾತಿಲ್ಲ. ಸಂಜೆಯಾದರೆ ಕೆರೆ ಏರಿಯ ಮೇಲೆ ಬೈಕುಗಳ ಸಾಲು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಟ್ಟೆ ನೋಡಲು ಬಂದವರು, ಅವರಿಗಾಗಿ ಒಂದು ಚುರುಮುರಿ ಗಾಡಿ. ಅದೇ ಜನ ಮನೆಗೆ ಹೋಗುವಾಗ ಮಕ್ಕಳ ತಲೆಯ ಮೇಲೆ ಟವೆಲ್ ಹೊದಿಸುತ್ತಿದ್ದರು. ನೋಡುವ ಚಪಲವೂ ಬಿಡದು, ಹೆದರಿಕೆಯೂ ಬಿಡದು. ಹಿಂದೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದುಕೊಂಡು ಮಲಗಿದ ಊರಲ್ಲವೇ ಇದು! ಅವತ್ತು ಸೀಮೆಸುಣ್ಣ ಹಿಡಿದವರ ಮೊಮ್ಮಕ್ಕಳು ಇವತ್ತು ಫೋನ್ ಹಿಡಿದಿದ್ದಾರೆ.

ಹೆದರಿಕೆ ಹುಳದ ಮನೆಗೆ ಹೊಕ್ಕಿದ್ದು ಹೇಗೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆ ಬೆಳಕಿಗೆ ಒಂದು ಕಾವು ಇದೆ, ಮನುಷ್ಯರಿಗೆ ತಾಗದು, ಹುಳಕ್ಕೆ ತಾಗುತ್ತದೆ ಎಂದು ಯಾರೋ ಅಂದರು. ಇನ್ನೊಬ್ಬರು ಅದನ್ನು ವಾಟ್ಸಾಪಿನಲ್ಲಿ ಓದಿದ್ದಾಗಿ ಹೇಳಿದರು. ಒಂದೇ ವಾರದಲ್ಲಿ ಹದಿಮೂರು ಹುಳದ ಮನೆಗಳ ಕಿಟಕಿಗಳಿಗೆ ಟಾರ್ಪಾಲು, ಕಪ್ಪು ಬಟ್ಟೆ, ಹಳೆಯ ಜಮಖಾನ ಬಿದ್ದವು. ಟಾರ್ಪಾಲು ಕೊಟ್ಟದ್ದು ಸಿದ್ದರಾಜುವಿನ ಅಂಗಡಿ.

ಮುನಿಲಕ್ಷ್ಮಮ್ಮ ಮಾತ್ರ ಮುಚ್ಚಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ ಅದು. ಹುಳ ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ಸಾಕುವವರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಮುಗಿದ ಹುಳ ಬೆರಳುದ್ದ ಬೆಳೆದು ಬಕಾಸುರನ ಹಾಗೆ ಸೊಪ್ಪು ತಿನ್ನುತ್ತದೆ, ಅಷ್ಟೇ ಗಾಳಿಯನ್ನೂ ಕೇಳುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಿಟಕಿ ಮುಚ್ಚಿದರೆ ಒಳಗೆ ಸೊಪ್ಪು ಬೆವರಿ, ಹಿಕ್ಕೆ ನಾತ ಹಿಡಿದು, ಹುಳ ಮೂರು ದಿನಕ್ಕೆ ಸಪ್ಪೆಯಾಗಿ ಸಾಯುತ್ತದೆ. ಇದು ಹದಿಮೂರು ಮನೆಯವರಿಗೂ ಗೊತ್ತಿದ್ದ ವಿಷಯವೇ. ಆದರೂ ಹೆದರಿಕೆ ಹಿಡಿದಾಗ ಗೊತ್ತಿದ್ದದ್ದೆಲ್ಲ ಎಲ್ಲಿಗೋ ಹೋಗಿಬಿಡುತ್ತದೆ.

ಮೊದಲು ಸತ್ತದ್ದು ಪಿಳ್ಳಣ್ಣನ ಹುಳ. ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತ ಅವನು, "ನಾನು ಮುಚ್ಚೋದು ಒಂದಿನ ತಡ ಆಗೋಯ್ತು. ಅಷ್ಟ್ರೊಳ್ಗೆ ಕಾವು ಬಿದ್ದುಬಿಟ್ಟಿತ್ತು," ಅಂದ. ಕೇಳಿದವರೆಲ್ಲ ಮನೆಗೆ ಓಡಿ ಇನ್ನೊಂದು ಪದರ ಬಟ್ಟೆ ಹೊಡೆದರು. ಆಮೇಲೆ ಇನ್ನೂ ಎರಡು ಮನೆಯಲ್ಲಿ ಹುಳ ಹೋಯಿತು. ಹುಳ ಸತ್ತಷ್ಟೂ ತಟ್ಟೆ ನಿಜವಾಗುತ್ತ ಹೋಯಿತು.

ಮುನಿಲಕ್ಷ್ಮಮ್ಮನ ಅನುಮಾನ ತಟ್ಟೆಯ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ, ನೇರ ಮನುಷ್ಯರ ಮೇಲೆ ಹೋಯಿತು. ಬೆಳಕು ಯಾಕೆ ಸಂಜೆ ಆರೂವರೆಗೇ ಬರುತ್ತದೆ? ಭಾನುವಾರ ಯಾಕೆ ಬರುವುದಿಲ್ಲ? ಬೇರೆ ಲೋಕದವರಿಗೂ ವಾರದ ರಜೆ ಉಂಟೇ? ಒಂದು ಸಂಜೆ ಸೊಪ್ಪು ಕೊಯ್ಯುವ ನೆವ ಮಾಡಿ ತೋಟದ ಕೊನೆಯ ಹುಣಸೆಮರದ ಹಿಂದೆ ಹೋಗಿ ಕೂತಳು. ಕೆರೆ ಕೋಡಿಯ ಹತ್ತಿರ ಒಂದು ಬಿಳಿ ಕಾರು ಬಂತು. ಬೆಂಗಳೂರಿನವರ ಹಾಗೆ ಕಾಣುವ ಇಬ್ಬರು ಇಳಿದು ಪೆಟ್ಟಿಗೆಯಿಂದ ನಾಲ್ಕು ರೆಕ್ಕೆಯ ಯಂತ್ರ ತೆಗೆದರು. ಪಕ್ಕದಲ್ಲಿ ನಿಂತು ಕೈಚಾಚಿ ಯಾವ ಯಾವ ಜಮೀನು ಎಲ್ಲಿಂದ ಎಲ್ಲಿವರೆಗೆ ಎಂದು ತೋರಿಸುತ್ತಿದ್ದವನು ಸಿದ್ದರಾಜು. ಯಂತ್ರ ಮೇಲೆದ್ದಿತು. ಒಂದು ಕೆಂಪು, ಒಂದು ಹಸಿರು, ನಡುವೆ ಬಿಳಿ.

ಆಕೆಯ ಮೈಯೆಲ್ಲ ಉರಿದುಹೋಯಿತು. ಜೊತೆಗೆ, ಮುಚ್ಚಿಡುವುದೇಕೆ, ಬಲು ಖುಷಿಯೂ ಆಯಿತು. ಅನುಮಾನ ಪಡುವವರಿಗೆ ಅದು ನಿಜವಾಗುವುದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ.

ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಊರೆಲ್ಲ ಸೇರಿದ್ದಾಗ ಕಟ್ಟೆಯ ಮುಂದೆ ನಿಂತು ಕೂಗಿದಳು.

"ತಟ್ಟೆನೂ ಇಲ್ಲ, ಲೋಟಾನೂ ಇಲ್ಲ! ಲೇಔಟ್‌ನೋರು ಡ್ರೋನ್ ಹಾರಿಸ್ತಾವ್ರೆ. ಹುಡುಗ್ರಿಗೆ ದಾರಿ ತೋರ್ಸೋಕೆ ಇವನೇ ನಿಂತಿದ್ದ. ನನ್ ಕಣ್ಣಾರೆ ನೋಡಿವ್ನಿ. ಇಲ್ಲಾ ಅನ್ನೋ ಸಿದ್ದರಾಜು, ಅನ್ನು ನೋಡಾನ!"

ಸಿದ್ದರಾಜು ಗಾಬರಿಯಾಗಲಿಲ್ಲ. "ಇಲ್ಲಾ ಅಂತ ಯಾಕಂದೇನು ದೊಡ್ಡಮ್ಮ? ನಿನ್ನೆ ಹಾರ್ಸಿದ್ದು ನಿಜ. ತಟ್ಟೆ ಎಲ್ಲಿಂದ ಬರುತ್ತೆ ಅಂತ ಹುಡ್ಕೋಕೇ ಕರ್ಸಿದ್ದೆ. ಊರಿಗೋಸ್ಕರ ಕೈಯಿಂದ ಖರ್ಚು ಮಾಡ್ದೋನ್ಗೆ ನೀನು ಹಿಂಗಂತೀಯಲ್ಲ."

ಜನ ಅವನ ಮುಖ ನೋಡಿದರು, ಈಕೆಯ ಮುಖ ನೋಡಿದರು. ಪಿಳ್ಳಣ್ಣ ಎದ್ದು ನಿಂತ. "ಮುನಿಲಕ್ಷ್ಮಮ್ಮ, ಈ ಊರಲ್ಲಿ ನೀನು ಅನುಮಾನ ಪಡ್ದಿರೋರು ಯಾರಾದ್ರೂ ಇದ್ರೆ ಕೈ ಎತ್ತಿಸು ನೋಡಾನ. ನಾನು ಬೋರ್‌ವೆಲ್ ವೈರ್ ಕದ್ದೆ ಅಂದೆ. ಪಾಪಮ್ಮನ್ನ ಸೊಪ್ಪು ಕದ್ಲು ಅಂದೆ, ತಿಂದಿದ್ದು ಮೇಕೆ. ಈಗ ಇವನ ಸರದಿ."

ಎಲ್ಲರೂ ನಕ್ಕರು. ಅವನು ಹೇಳಿದ್ದೆಲ್ಲ ನಿಜವೇ. ಮೂವತ್ತೆಂಟು ವರ್ಷದಲ್ಲಿ ಒಂದು ಸಲ ಸರಿಯಾದವನನ್ನು ಹಿಡಿದಿದ್ದಳು, ಕೇಳುವವರೇ ಇರಲಿಲ್ಲ. ಸಿದ್ದರಾಜು ಜನರನ್ನು ಬೇಕೆಂದೇ ಹೆದರಿಸಿದನೋ, ತಾನೇ ಹುಟ್ಟಿದ ಹೆದರಿಕೆಯನ್ನು ಸುಮ್ಮನೆ ಬೆಳೆಯಲು ಬಿಟ್ಟನೋ, ನಾನು ಆಣೆ ಮಾಡಿ ಹೇಳಲಾರೆ. ಮುನಿಲಕ್ಷ್ಮಮ್ಮ ಈಗಲೂ ಆಣೆ ಮಾಡುತ್ತಾಳೆ.

ನಗು ನಿಂತ ಮೇಲೆ ಮಾತು ಬೇರೆ ದಾರಿ ಹಿಡಿಯಿತು. ಬೀದಿಯ ತುದಿಯಲ್ಲಿ ಕಿಟಕಿ ತೆರೆದಿಟ್ಟು, ಟ್ಯೂಬ್‌ಲೈಟ್ ಉರಿಸಿಕೊಂಡಿರುವ ಮನೆ ಒಂದೇ. ಬೆಳಕನ್ನು ಹುಡುಕಿಕೊಂಡೇ ಅದು ಬರುವುದು, ಆ ಮನೆಯಿಂದಲೇ ಊರಿಗೆ ದಾರಿ ಸಿಗುವುದು ಎಂದು ಹುಳ ಕಳೆದುಕೊಂಡ ಮೂವರೂ ಒಟ್ಟಿಗೆ ಅಂದರು. ಪಿಳ್ಳಣ್ಣ ಕೊನೆಯ ಮಾತು ಹೇಳಿದ.

"ಇವತ್ತೇ ಮುಚ್ಚಿದ್ರೆ ಸರಿ. ಇಲ್ಲಾಂದ್ರೆ ನಿನ್ ಹುಳ ಹಣ್ಣಾದಾಗ ಈ ಊರಿಂದ ಒಬ್ಬ ಮುಯ್ಯಾಳೂ ನಿನ್ ಬಾಗ್ಲು ತುಳಿಯಲ್ಲ."

ಇದು ಬರಿಯ ಬೆದರಿಕೆಯಲ್ಲ. ಹಣ್ಣಾದ ಹುಳ ಕಾಯುವುದಿಲ್ಲ. ಮೈ ಹಳದಿಯಾಗಿ, ಬಾಯಲ್ಲಿ ನೂಲು ಬಂದ ಮೇಲೆ ಅದನ್ನು ಒಂದೇ ದಿನದಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಎಂಟು ಜನರಾದರೂ ಬೇಕು. ಅದಕ್ಕೆ ಕೂಲಿ ಇಲ್ಲ, ನಿಮ್ಮ ಮನೆಗೆ ನಾವು, ನಮ್ಮ ಮನೆಗೆ ನೀವು. ಅದೇ ಮುಯ್ಯಾಳು. ಜನ ಬರದಿದ್ದರೆ ಹುಳ ಸೊಪ್ಪಿನ ಕಡ್ಡಿಯಲ್ಲೇ ಕಂಡಕಂಡಂತೆ ನೂಲು ಬಿಟ್ಟು ಹಾಳಾಗುತ್ತದೆ. ಕಿಟಕಿ ಮುಚ್ಚಿದರೂ ಬೆಳೆ ಹೋಯಿತು, ಮುಚ್ಚದಿದ್ದರೂ ಹೋಯಿತು. ಬೆಳೆ ಹೋದರೆ ತೋಟ ಹೋಯಿತು.

"ಮುಚ್ಚಿಬಿಡಮ್ಮ, ಊರೋರ್ನ ಎದ್ರು ಹಾಕ್ಕೊಂಡು ಇರೋಕಾಗುತ್ತಾ?" ಅಂದ ವೇಣು. ಏರ್‌ಪೋರ್ಟಿನಲ್ಲಿ ದಿನವೂ ನೂರು ವಿಮಾನ ನೋಡುವವನು ಅವನು. ತಟ್ಟೆಯನ್ನು ನಂಬಿದ್ದನೆಂದು ಆಕೆಗೆ ಅನಿಸಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೂ ಅನುಮಾನ ಬಂತು, ಅದಕ್ಕೆ ಆಕೆಗೇ ಅಳು ಬಂತು.

ಅಂದು ಮಧ್ಯಾಹ್ನ ಬೀದಿಯ ಕಡೆಯ ನಾಲ್ಕು ಕಿಟಕಿಗಳಿಗೂ ಎಲ್ಲರಿಗೂ ಕಾಣುವಂತೆ ಕಪ್ಪು ಬಟ್ಟೆ ಹೊಡೆಸಿದಳು. ಪಿಳ್ಳಣ್ಣ ಬಂದು ನೋಡಿಕೊಂಡು ಹೋದ. ಊರು ಉಂಡು ಮಲಗಿದ ಮೇಲೆ ಸೊಸೆಯನ್ನು ಹಿತ್ತಲಿಗೆ ಕರೆದಳು. ಹುಳದ ಮನೆಯ ಹಿಂದಿನ ಗೋಡೆ ಸ್ವಂತ ತೋಟದ ಕಡೆಗಿತ್ತು, ಅಲ್ಲಿ ಹೊರಗಿನವರು ಯಾರೂ ಸುಳಿಯುವುದಿಲ್ಲ. ಅತ್ತೆ ಹಾರೆ ಹಿಡಿದಳು, ಸೊಸೆ ಇಟ್ಟಿಗೆ ಎತ್ತಿದಳು. ಬೆಳಗಾಗುವುದರೊಳಗೆ ಆಳೆತ್ತರದ ಎರಡು ಕಂಡಿ. ನೊಣ ಬರದ ಹಾಗೆ ಬಲೆ ಕಟ್ಟಿ, ಒಳಗಿನಿಂದ ಒದ್ದೆ ಗೋಣಿತಾಟು ಇಳಿಬಿಟ್ಟರು. ಗಾಳಿ ತಣ್ಣಗೆ ಒಳಗೆ ಬಂತು. ಮುದುಡಿಕೊಂಡಿದ್ದ ಹುಳ ತಲೆಯೆತ್ತಿ ಮತ್ತೆ ಸೊಪ್ಪಿಗೆ ಬಾಯಿ ಹಾಕಿತು.

ರಮ್ಯ ಕೈ ತೊಳೆಯುತ್ತ, "ಅತ್ತೆ, ಪಾಪಮ್ಮತ್ತೆಗೂ ಹೇಳೋಣ. ಅವ್ರು ಎಲ್ರಿಗಿಂತ ಕೊನೇಗೆ, ನಿನ್ನೆ ತಾನೆ ಟಾರ್ಪಾಲ್ ಹಾಕಿದ್ದು, ಹುಳ ಇನ್ನೂ ಚೆನ್ನಾಗಿದೆ. ಇವತ್ತು ಗೋಡೆ ತೆಗೆದ್ರೆ ಉಳ್ಕೊಳುತ್ತೆ," ಅಂದಳು.

ಪಾಪಮ್ಮನದು ಎದುರು ಮನೆ. ಮುನಿಲಕ್ಷ್ಮಮ್ಮನಿಗಿಂತ ಐದು ವರ್ಷ ಚಿಕ್ಕವಳು, ಆಕೆಯೂ ಗಂಡನಿಲ್ಲದವಳು, ಇಪ್ಪತ್ತು ಗುಂಟೆ ತೋಟ ನಂಬಿ ಬದುಕುವವಳು. ಸೊಪ್ಪಿನ ಕಳ್ಳಿ ಅನ್ನಿಸಿಕೊಂಡ ವಾರದಲ್ಲೇ, ಏನೂ ನಡೆದಿಲ್ಲವೆಂಬಂತೆ ಹುಳಿ ಸಾರು ಹಿಡಿದು ಬಂದಿದ್ದಳು. ಅಂಥ ಹೆಂಗಸು. ಆದರೆ ಸಿದ್ದರಾಜುವಿಗೆ ಚಿಕ್ಕಮ್ಮನಾಗಬೇಕು, ಜೊತೆಗೆ ಕೇಳಿದ ಮಾತನ್ನು ಬಾಯಲ್ಲಿ ಇಟ್ಟುಕೊಂಡವಳಲ್ಲ.

"ಬೇಡ," ಅಂದಳು ಮುನಿಲಕ್ಷ್ಮಮ್ಮ. "ಅವಳಿಗೆ ಹೇಳೋದೂ ಒಂದೇ, ಸಿದ್ದರಾಜುಗೆ ಹೇಳೋದೂ ಒಂದೇ."

"ಹುಳ ಸತ್ತೋಗುತ್ತಲ್ಲ ಅತ್ತೆ."

"ಮೂರು ದಿನ ತಡಿ. ನಮ್ಮದು ಹಣ್ಣಾಗ್ಲಿ, ಆಮೇಲೆ ಹೇಳ್ತೀನಿ."

ಮೂರು ದಿನ ಎಂದರೇನೆಂದು ಆಕೆಗೆ ಗೊತ್ತಿರಲಿಲ್ಲವೇ? ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲ ದಿನ ಪಾಪಮ್ಮ ಬೀದಿಯಲ್ಲಿ ಸಿಕ್ಕಿ, "ಅಕ್ಕ, ನೀನೂ ಮುಚ್ಚಿದ್ದು ಒಳ್ಳೇದಾಯ್ತು, ನಂಗೆ ಧೈರ್ಯ ಬಂತು," ಅಂದಾಗ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗುಟ್ಟು ನನ್ನ ಬಾಯಿಂದ ಹೊರಡಿಸಲು ಸಿದ್ದರಾಜುವೇ ಇವಳನ್ನು ಕಳಿಸಿದ್ದರೆ ಎಂಬ ಯೋಚನೆ ಬಂದು ನುಂಗಿಕೊಂಡಳು. ಎರಡನೇ ದಿನ ಪಾಪಮ್ಮನ ಹುಳದ ಮನೆಯಿಂದ ಬೀದಿಗೆ ಹುಳಿನಾತ ಬರುತ್ತಿತ್ತು. ಮುನಿಲಕ್ಷ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದಳು. ಮೂರನೇ ದಿನ ಬೆಳಿಗ್ಗೆ ಪಾಪಮ್ಮ ಮಂಕರಿಯಲ್ಲಿ ಸತ್ತ ಹುಳ ಹೊತ್ತುಕೊಂಡು ತಿಪ್ಪೆಗೆ ಹೋಗುತ್ತಿದ್ದಳು, ಅಳುತ್ತಿರಲಿಲ್ಲ. ನಾಲ್ಕು ಸಲ ಹೋಗಿ ಬಂದಳು.

ಮರುದಿನವೇ ಮುನಿಲಕ್ಷ್ಮಮ್ಮನ ಹುಳ ಹಣ್ಣಾಯಿತು. ಅಂಥ ಬೆಳೆ ಆಕೆಯೂ ಕಂಡಿರಲಿಲ್ಲ, ಒಂದೊಂದು ಹುಳವೂ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಮುಯ್ಯಾಳಿಗೆ ಎಂಟು ಜನ ಹೆಂಗಸರು ಬಂದರು, ಎಂಟನೆಯವಳು ಪಾಪಮ್ಮ. ಕೈಕಾಲು ತೊಳೆದುಕೊಂಡು, ಮೂಸಲೆಂದು ತಾನಾಗಿಯೇ ಅಂಗೈ ಚಾಚಿದಳು. ಮುನಿಲಕ್ಷ್ಮಮ್ಮ ಮೂಸದೆ ಒಳಗೆ ಬಿಟ್ಟಳು.

"ನೀನು ಯಾಕ್ ಬಂದ್ಯೇ, ಇಂಥಾ ಹೊತ್ನಲ್ಲಿ?"

"ಹೋದ ಬೆಳೇಲಿ ನೀನು ಬಂದಿದ್ದೆ ಅಲ್ವಕ್ಕ. ಮುಯ್ಯಿ ತೀರಿಸ್ಬೇಡ್ವಾ? ಇನ್ಮೇಲೆ ನಮ್ಮನೇಲಿ ಹುಳ ಇರಲ್ಲ. ಸೋಮವಾರ ಸಿದ್ದರಾಜು ಸೈನ್ ಹಾಕ್ಸೋಕೆ ಕರ್ಕೊಂಡು ಹೋಗ್ತಾನೆ."

ಮುಂದಿನ ಸಾಲಿನಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಟಾರ್ಪಾಲಲ್ಲ, ಕಪ್ಪು ಬಟ್ಟೆ ಹೊಡೆದದ್ದಕ್ಕೇ ಉಳಿಯಿತು ನೋಡಿ, ತಟ್ಟೆಯ ಕಾವು ಒಳಗೆ ಬರಲಿಲ್ಲ, ಮುಂದಿನ ಬೆಳೆಗೆ ನಾವೂ ಕಪ್ಪು ಬಟ್ಟೆಯನ್ನೇ ತರೋಣ ಅನ್ನುತ್ತಿದ್ದರು. ಮುನಿಲಕ್ಷ್ಮಮ್ಮ ಕೇಳಿಸಿಕೊಂಡು ಮುಂದಿನ ಹುಳಕ್ಕೆ ಕೈ ಹಾಕಿದಳು. ಬೆಳೆ ಉಳಿದಿತ್ತು, ತೋಟ ಉಳಿದಿತ್ತು, ಆಡಿದ ಮಾತೂ ಉಳಿದಿತ್ತು. ವೇಣು ಬಾಗಿಲಲ್ಲಿ ನಿಂತು ಚಂದ್ರಿಕೆ ಎತ್ತಿ ಕೊಡುತ್ತಿದ್ದ.

ಪಾಪಮ್ಮ ಹಿಂದಿನ ಸಾಲಿಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಆಕೆಯ ಕೈ ನಿಂತಿತು. ಗೋಣಿತಾಟು ಅಲುಗಾಡುತ್ತಿತ್ತು. ಅದನ್ನು ಸರಿಸಿ ನೋಡಿದಳು. ಒಡೆದ ಇಟ್ಟಿಗೆ, ಬಲೆ, ಆಚೆ ತೋಟ. ಬೀಸಿ ಬರುವ ಗಾಳಿಗೆ ಮುಖವೊಡ್ಡಿ ನಿಂತುಬಿಟ್ಟಳು. ಮುನಿಲಕ್ಷ್ಮಮ್ಮ ಹತ್ತಿರ ಬಂದದ್ದು ಗೊತ್ತಾಗಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಇದು ಯಾವತ್ತು ತೆಗೆದಿದ್ದಕ್ಕ?"

"ನಾಲ್ಕು ದಿನ ಆಯ್ತು."

ಪಾಪಮ್ಮ ಮನಸ್ಸಿನಲ್ಲೇ ದಿನ ಎಣಿಸಿದಳು. ತುಟಿ ಅಲುಗುವುದು ಕಾಣುತ್ತಿತ್ತು.

"ಅವತ್ತು ನನ್ ಹುಳ ಚೆನ್ನಾಗೇ ಇತ್ತು ಕಣಕ್ಕ. ನಂಗೂ ಒಂದ್ ಮಾತು ಹೇಳ್ಬಾರ್ದಿತ್ತಾ?"

ನಿನ್ನ ಮೇಲೆ ನಂಬಿಕೆ ಇರಲಿಲ್ಲ ಎಂಬುದು ನಿಜ. ಆ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ಮುನಿಲಕ್ಷ್ಮಮ್ಮನಿಗೆ ಬರಲಿಲ್ಲ.

"ಗಡಿಬಿಡೀಲಿ ಮರ್ತೇ ಹೋಯ್ತು ಕಣೆ," ಅಂದಳು.

ಪಾಪಮ್ಮ ತಲೆಯಾಡಿಸಿದಳು.

"ಅದೂ ನಿಜಾನೇ. ನಿಂಗಾದ್ರೂ ಎಷ್ಟೂಂತ ನೆನಪಿರುತ್ತೆ, ಊರೋರೆಲ್ಲ ಸೇರಿ ಅಷ್ಟು ಗೋಳು ಹುಯ್ಕೊಂಡ್ರು," ಅಂದು ಗೋಣಿತಾಟನ್ನು ಮೊದಲಿನ ಹಾಗೆಯೇ ಇಳಿಬಿಟ್ಟು, ಹಣ್ಣು ಹುಳ ಆರಿಸುವುದಕ್ಕೆ ಬಗ್ಗಿದಳು. ಆಕೆ ನಂಬಿದ್ದಳು.